ಹೊಸ ಮ್ಯಾನೇಜರೂ ಹತ್ತು ಪದಗಳ ಕನ್ನಡವೂ

ಸುದ್ದಿ ಬಂದಾಗ ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಆರಿಹೋದ ಸೂಪಿನ ಮುಂದೆ ಕೂತಿದ್ದೆ. ಮಗಳ ಬೇಸ್‌ಬಾಲ್ ತಂಡದ ಅಭಿಮಾನಿಗಳ ಗ್ರೂಪಿನಲ್ಲಿ ಒಂದೇ ಸಾಲು: ಹೊಸ ಮ್ಯಾನೇಜರ್ ಗೊತ್ತಾಗಿದೆ, ಉಳಿದದ್ದು ಸಂಜೆಯ ಮೀಟಿಂಗಿನಲ್ಲಿ. ಸೂಪು ಅಲ್ಲಿಗೇ ಬಿಟ್ಟೆ. ನಾನು ಅರಿವಳಿಕೆ ಡಾಕ್ಟರು. ಮೇಜಿನ ಮೇಲೆ ಮಲಗಿದವರಿಗೆ ಏನೂ ಯೋಚನೆ ಮಾಡಬೇಡಿ, ಹತ್ತರಿಂದ ಹಿಂದಕ್ಕೆ ಎಣಿಸಿ ಎಂದು ಹೇಳುವುದು ನನ್ನ ಕಸುಬು. ಅವರು ಏಳಕ್ಕೆ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಾರೆ. ನನಗೋ ಆವತ್ತು ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಎರಡು ಆಪರೇಷನ್‌ಗಳ ನಡುವೆ ಕಾರಿಡಾರಿಗೆ ಬಂದು ಮೂರು ಸಲ ಫೋನ್ ನೋಡಿದೆ.

ಅಭಿಮಾನಿಗಳು ಎಂದ ತಕ್ಷಣ ಸಾವಿರಾರು ಜನ ಎಂದುಕೊಳ್ಳಬೇಡಿ. ಲಂಡನ್ನಿನ ಅಂಚಿನ ಎಜ್‌ವೇರ್ ಆಚೆಗಿನ ಕೌನ್ಸಿಲ್ ಮೈದಾನದಲ್ಲಿ ಭಾನುವಾರ ಬಿಚ್ಚುವ ಹನ್ನೊಂದು ಮಡಚು ಕುರ್ಚಿಗಳು, ಒಂದು ನಾಯಿ, ಅಷ್ಟೆ. ಹುಡುಗರು ಹುಡುಗಿಯರು ಕೂಡಿ ಆಡುವ ತಂಡ, ಲೀಗಿನ ಕಟ್ಟಕಡೆಯ ದರ್ಜೆ. ಇಂಗ್ಲೆಂಡಿನಲ್ಲಿ ಬೇಸ್‌ಬಾಲ್ ಆಡುತ್ತಾರೆ ಎಂಬುದೇ ಅಕ್ಕಪಕ್ಕದ ಮನೆಯವರಿಗೆ ಗೊತ್ತಿಲ್ಲ. ಕೆಂಟನ್‌ನ ನಮ್ಮ ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಾರೆ, ಇಲ್ಲವೇ ಟ್ಯೂಷನ್‌ಗೆ ಹೋಗುತ್ತಾರೆ. ನನ್ನ ಮಗಳು ಹನ್ನೆರಡನೆಯ ವಯಸ್ಸಿನಲ್ಲಿ ಯಾರದೋ ಜೊತೆ ಹೋದವಳು ಮೈತುಂಬ ಮಣ್ಣು ಮಾಡಿಕೊಂಡು ಬಂದು "ಅಮ್ಮಾ, ಐ ಫೌಂಡ್ ಮೈ ಗೇಮ್" ಅಂದಳು. ಮುಗಿಯಿತು, ಅಲ್ಲಿಂದ ಇಲ್ಲಿಯವರೆಗೆ ಅದೇ.

ಮ್ಯಾನೇಜರ್ ಎಂದರೆ ನಮ್ಮ ಕಡೆ ಬ್ಯಾಂಕಿನ ಗಾಜಿನ ಕೋಣೆಯಲ್ಲಿ ಕೂರುವವನು. ಈ ಆಟದಲ್ಲಿ ಹಾಗಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು, ಎಲ್ಲ ಅವರದೇ ಮಾತು. ಹಳೆಯ ಮ್ಯಾನೇಜರ್ ನಿವೃತ್ತ ಟ್ಯೂಬ್ ರೈಲಿನ ಡ್ರೈವರ್, ದೊಡ್ಡ ಹೊಟ್ಟೆಯ, ದೊಡ್ಡ ನಗುವಿನ ಮನುಷ್ಯ. ಚಳಿಗಾಲದಲ್ಲಿ ಮಗನ ಮನೆಗೆಂದು ವೇಲ್ಸಿಗೆ ಹೊರಟುಹೋದರು. ಅವರು ಹೋದ ದಿನದಿಂದ ನನಗೆ ಒಳಗೊಳಗೇ ಪುಕುಪುಕು. ಕಾರಣ ಆಟವಲ್ಲ. ಸೋತರೂ ಗೆದ್ದರೂ ನನಗೆ ಅಷ್ಟಕ್ಕಷ್ಟೇ. ಕಾರಣ ಬೇರೆ, ಅದನ್ನು ನಾನು ಗ್ರೂಪಿನಲ್ಲಿ ಯಾರಿಗೂ ಹೇಳಿರಲಿಲ್ಲ.

ನನ್ನ ಮಗಳು ಕ್ಯಾಚರ್. ಕ್ರಿಕೆಟ್ಟಿನ ಕೀಪರ್ ಹಾಗೆ, ಬ್ಯಾಟು ಹಿಡಿದವನ ಹಿಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾಳೆ. ಇಡೀ ಮೈದಾನ ಎದುರಿಗೆ ಕಾಣುವುದು ಅವಳೊಬ್ಬಳಿಗೇ, ಆದ್ದರಿಂದ ಚೆಂಡು ಎಲ್ಲಿಗೆ ಎಸೆಯಬೇಕೆಂದು ಕೂಗಿ ಹೇಳುವ ಕೆಲಸವೂ ಅವಳದೇ. ಹದಿಮೂರು ವಯಸ್ಸಿದ್ದಾಗ ಒಂದು ಸಲ ಚೆಂಡು ಗೆರೆಯ ಗುಂಟ ಉರುಳುತ್ತಿತ್ತು. ತಾನಾಗಿ ಗೆರೆಯಾಚೆ ಹೋದರೆ ನಮಗೆ ಲಾಭ, ಮುಟ್ಟಿದರೆ ನಷ್ಟ. ಹುಡುಗನೊಬ್ಬ ಎತ್ತಿಕೊಳ್ಳಲು ಬಗ್ಗಿದ. ಇವಳು ಗಾಬರಿಯಲ್ಲಿ "ಬಿಡು! ಬಿಡು! ಬಿಡು!" ಎಂದು ಕಿರುಚಿದಳು. ಕಾದ ಬಾಣಲೆಗೆ ಕೈ ಹಾಕಿದಾಗ ನಾನು ಇವಳಿಗೆ ಕಿರುಚುವ ಹಾಗೆಯೇ. ಹುಡುಗ ಬೆಚ್ಚಿಬಿದ್ದು ಕೈ ಹಿಂದೆ ತೆಗೆದ, ಚೆಂಡು ಗೆರೆ ದಾಟಿತು. ಹಳೆಯ ಮ್ಯಾನೇಜರ್ ನಕ್ಕು ನಕ್ಕು, ಇದು ಯಾವ ಭಾಷೆ, ಇಂಥವು ಇನ್ನೆಷ್ಟಿವೆ, ಎಲ್ಲ ಕೊಡು ಎಂದರು.

ಹೀಗೆ ಹತ್ತು ಪದಗಳಾದವು. ಬಿಡು, ಹಿಡಿ, ಒಗಿ, ಓಡು, ನಿಂದ್ರು, ಮುಂದ, ಹಿಂದ, ಮ್ಯಾಲ, ಸಾಕು, ಮನಿ. ಆಟಗಾರ ಕೊನೆಗೆ ಮುಟ್ಟಬೇಕಾದ ಜಾಗಕ್ಕೆ ಈ ಆಟದಲ್ಲಿ ಹೋಮ್ ಅನ್ನುತ್ತಾರೆ, ಅದು ಇವಳ ಬಾಯಲ್ಲಿ ಮನಿಯಾಯಿತು. ನನ್ನ ಗಂಡ ಮೈಸೂರಿನವನು. ಮೊದಲ ಸಲ ಕೇಳಿದಾಗ "ಮನಿಗೆ ಒಗಿ ಅಂತಾಳಲ್ಲೇ, ಅಲ್ಲೇನು ಬಟ್ಟೆ ಒಗೀತಾರಾ?" ಎಂದು ಕುರ್ಚಿಯಲ್ಲೇ ಹೊರಳಾಡಿದ. ನಮ್ಮ ಧಾರವಾಡದಾಗ ಒಗಿಯೋದು ಅಂದ್ರ ಎಸಿಯೋದು, ನಿಮ್ಮೂರಿನ್ಹಂಗ ಎಲ್ಲಾದಕ್ಕೂ ಸಾಬೂನು ಹಚ್ಚೂದಿಲ್ಲ ಎಂದು ನಾನೂ ಬಿಡಲಿಲ್ಲ. ಆದರೆ ಕಿವಿ ಮಾತ್ರ ಅವಳ ಕಡೆಗೇ ಇತ್ತು. ಮನೆಯಲ್ಲಿ ನಾನು ಕನ್ನಡದಲ್ಲಿ ಹತ್ತು ಮಾತು ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಉತ್ತರ ಕೊಡುವ ಹುಡುಗಿ ಅವಳು. ನಮ್ಮ ಅವ್ವ ಫೋನಿನಲ್ಲಿ "ಊಟ ಆತೇನs?" ಎಂದರೆ "ಯೆಸ್ ಅಜ್ಜಿ" ಎನ್ನುತ್ತಾಳೆ. ಅಂಥವಳು ಲಂಡನ್ನಿನ ಬಟ್ಟ ಬಯಲಿನಲ್ಲಿ, ಮುಖಕ್ಕೆ ಕ್ಯಾಚರಿನ ಕಬ್ಬಿಣದ ಜಾಲರಿ ಹಾಕಿಕೊಂಡು, ನಮ್ಮ ಓಣಿಯ ಕನ್ನಡ ಕೂಗುತ್ತಿದ್ದಳು. ನಾನು ಭಾನುವಾರ ಭಾನುವಾರ ಹೋಗುತ್ತಿದ್ದದ್ದು ಅದಕ್ಕೆ. ಸೆಪ್ಟೆಂಬರಿನಲ್ಲಿ ಅವಳು ಯೂನಿವರ್ಸಿಟಿಗೆಂದು ಸ್ಕಾಟ್ಲೆಂಡಿಗೆ ಹೊರಡುವವಳು. ನನ್ನ ಪಾಲಿಗೆ ಉಳಿದದ್ದು ಒಂದೇ ಬೇಸಿಗೆ.

ಸಂಜೆ ಮೀಟಿಂಗಿಗೆ ಗಂಡನನ್ನು ಕಳಿಸಿದೆ, ನನಗೆ ಡ್ಯೂಟಿ ಮುಗಿದಿರಲಿಲ್ಲ. ಮನೆಗೆ ಬಂದಾಗ ಅವನು ಅನ್ನಕ್ಕಿಟ್ಟು ನಿಂತಿದ್ದ.

"ಏನಾತು? ಯಾಂವ ಬಂದಾನ?"

"ಅವರು ಕೆನಡಾದವರಂತೆ ಕಣೇ. ಸ್ಕೂಲಲ್ಲಿ ಆಟ ಕಲಿಸ್ತಿದ್ರಂತೆ. ತುಂಬಾ ಸ್ಟ್ರಿಕ್ಟು. ಅವರು ಬಂದ ತಕ್ಷಣ ಒಂದು ರೂಲ್ ಹೇಳಿದ್ರು."

"ಏನಂತ?"

ಅವನು ಕುಕ್ಕರಿನ ಕಡೆ ನೋಡುತ್ತ ಹೇಳಿದ: "ಕೂಗೋ ಹಾಗಿಲ್ವಂತೆ. ಆ ಪದಗಳೆಲ್ಲ ಬಂದ್. ಇನ್ಮೇಲೆ ಬರೀ ಕೈ ಸನ್ನೆ."

ನನ್ನ ಮೈಯೆಲ್ಲ ಉರಿದುಹೋಯಿತು. "ಯಾರಂವ ಹೇಳಾಂವ? ನಿನ್ನೆ ಬಂದು ಇವತ್ತ ನಮ್ಮ ಹುಡುಗಿ ಬಾಯಿ ಕಟ್ಟಾಂವ? ನೀವೇನ್ ಮಾಡಿದ್ರಿ ಅಲ್ಲಿ, ಬಿಸ್ಕಿಟ್ ತಿಂದು ಬಂದ್ರೇನು?"

"ಅವರು ಹೇಳಿದ್ರಲ್ಲಿ ಏನೋ ಕಾರಣ ಇರುತ್ತೆ ಕಣೇ."

"ಅವರು, ಅವರು! ಏನ್ ಜಗದ್ಗುರುನೇನು ಅಂವಾ?"

ಮಗಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಳು. ಮುಖದಲ್ಲಿ ಒಂದು ಥರದ ನಗು ಬಂದು ಹೋಯಿತು, ಆಮೇಲೆ ಮುಖ ಸಣ್ಣದಾಯಿತು. "ಅಮ್ಮಾ, ಜಸ್ಟ್ ಲೀವ್ ಇಟ್," ಎಂದು ಮೇಲಕ್ಕೆ ಹೋಗಿಬಿಟ್ಟಳು. ನನಗೆ ಅವಳ ಬೇಸರ ಮಾತ್ರ ಕಂಡಿತು.

ಬಿಡುವವಳೇ ನಾನು? ಗ್ರೂಪಿನಲ್ಲಿ ಆಗಲೇ ಗಲಾಟೆ ಎದ್ದಿತ್ತು. ವಾರ್ಮ್ ಅಪ್ ಬೆಳಗ್ಗೆ ಒಂಬತ್ತಕ್ಕೆ ತಂದಿದ್ದಾರೆ ಎಂದು ಒಬ್ಬರಿಗೆ ಸಿಟ್ಟು. ಕುರ್ಚಿಗಳನ್ನು ಗೆರೆಯಿಂದ ಹಿಂದಕ್ಕೆ ಹಾಕಬೇಕಂತೆ ಎಂದು ಇನ್ನೊಬ್ಬರಿಗೆ. ನಾಯಿಯ ಯಜಮಾನ, ಎಪ್ಪತ್ತು ದಾಟಿದ ಮುದುಕ, ನಾಯಿಯನ್ನು ಕಟ್ಟಿಹಾಕಬೇಕೆಂಬ ಮಾತಿಗೆ ಮೂರು ಸಲ ರಾಜೀನಾಮೆ ಕೊಟ್ಟಿದ್ದ. ಅಭಿಮಾನಿ ಯಾವುದಕ್ಕೆ ರಾಜೀನಾಮೆ ಕೊಡುತ್ತಾನೋ ಆ ದೇವರಿಗೇ ಗೊತ್ತು. ನಾನು ಉದ್ದಕ್ಕೆ ಬರೆದೆ. ಆ ಹತ್ತು ಪದಗಳು ಈ ತಂಡದ ಸಂಪ್ರದಾಯ, ಹೊರಗಿನಿಂದ ಬಂದವರು ಅದನ್ನು ಮುಟ್ಟುವ ಹಾಗಿಲ್ಲ ಎಂದೆಲ್ಲ. ಇಪ್ಪತ್ತು ವರ್ಷದ ಹಿಂದೆ ಹೊರಗಿನಿಂದ ಬಂದವಳು ನಾನೇ ಎಂಬುದು ಬರೆಯುವಾಗ ನೆನಪಿಗೆ ಬರಲಿಲ್ಲ. ಏಳು ಜನ ಹೆಬ್ಬೆಟ್ಟು ಒತ್ತಿದರು. ಆ ವಾರವಿಡೀ ನಾನು ನನ್ನ ಭಾಷಣವನ್ನು ಲಿಫ್ಟಿನಲ್ಲಿ, ಟ್ಯೂಬಿನಲ್ಲಿ, ಕೈ ತೊಳೆಯುವ ಸಿಂಕಿನ ಮುಂದೆ ಅಭ್ಯಾಸ ಮಾಡಿದೆ.

ಭಾನುವಾರ ಮೈದಾನಕ್ಕೆ ಹೋದವಳೇ ಕುರ್ಚಿ ಬಿಚ್ಚುವ ಮೊದಲೇ ಹುಡುಕಿದೆ. ಆರಡಿ ಎತ್ತರದ ಗಡ್ಡದವನೊಬ್ಬ ಕೈಯಲ್ಲಿ ಕುಂಟೆ ಹಿಡಿದು ಮಣ್ಣು ಸಮ ಮಾಡುತ್ತಿದ್ದ. ನೇರ ಹೋಗಿ ನಿಂತೆ. ತಂಡ ಎಂದರೇನು, ಮಕ್ಕಳ ಮನಸ್ಸು ಎಂದರೇನು, ಒಂದು ಹುಡುಗಿಯ ದನಿ ಅಡಗಿಸುವುದು ಎಂಥ ಕೆಲಸ, ಎಲ್ಲವನ್ನೂ ಉಸಿರು ಬಿಡದೆ ಹೇಳಿದೆ. ಅವನು ಪೂರ್ತಿ ಕೇಳಿದ. ಕೊನೆಗೆ ಬಹಳ ಮರ್ಯಾದೆಯಿಂದ, "ಮೇಡಂ, ನಾನು ಕೌನ್ಸಿಲ್‌ನವನು, ಮೈದಾನ ಸರಿಮಾಡಲು ಬಂದಿದ್ದೇನೆ," ಅಂದ.

ಹಿಂದಿನಿಂದ ಒಂದು ದನಿ, "ನೀವು ನನ್ನನ್ನು ಹುಡುಕುತ್ತಿದ್ದೀರಿ ಅನಿಸುತ್ತದೆ," ಎಂದಿತು. ತಿರುಗಿದರೆ ನನ್ನ ಭುಜದೆತ್ತರದ, ಅರವತ್ತರ ಸುಮಾರಿನ ಹೆಂಗಸು. ಮಂಡಿಗೆ ಪಟ್ಟಿ, ತಲೆಗೆ ಟೋಪಿ, ಕೊರಳಲ್ಲಿ ಸೀಟಿ.

ನನ್ನ ಗಂಡನ ಕಡೆ ನೋಡಿದೆ. ಅವನು ಆಕಾಶ ನೋಡುತ್ತಿದ್ದ. ಆಮೇಲೆ ಕೇಳಿದ್ದಕ್ಕೆ, "ಅವರು ಅವರು ಅಂತ ನಾನು ಸರಿಯಾಗೇ ಹೇಳ್ದೆ. ಅವನು ಅಂದುಕೊಂಡಿದ್ದು ನೀನು. ಕೇಳಿಸಿಕೊಳ್ಳೋಕೆ ಮುಂಚೆನೇ ಜಗಳ ಶುರು ಮಾಡ್ತೀಯ," ಅಂದ. ಮಗಳಿಗೂ ಮೊದಲೇ ಗೊತ್ತಿತ್ತಂತೆ, ಮಜಾ ಇರಲಿ ಎಂದು ಬಿಟ್ಟಿದ್ದಳಂತೆ. ಎಂಥ ಮಂದಿ ಕಟ್ಟಿಕೊಂಡೆನಪ್ಪಾ.

ಅಷ್ಟಕ್ಕೆ ಸೋಲುವವಳಲ್ಲ ನಾನು. ಆಕೆಗೂ ಭಾಷಣ ಹೇಳಿದೆ, ಎರಡನೆಯ ಸಲವಾದ್ದರಿಂದ ಸ್ವಲ್ಪ ಚಿಕ್ಕದಾಗಿ. ಆಕೆ ಜಗಳ ಆಡಲಿಲ್ಲ, ನಗಲೂ ಇಲ್ಲ. "ಪದಗಳು ಚೆನ್ನಾಗಿವೆ. ಆದರೆ ನಿಲ್ಲಿಸಲು ಕಾರಣವಿದೆ. ನಾನು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ನಿಮ್ಮ ಮಗಳನ್ನು ಕೇಳಿ," ಎಂದಳು. ದೂರದಲ್ಲಿ ಮಗಳು ಕಾಲಿನ ಕವಚದ ಪಟ್ಟಿ ಬಿಗಿಯುತ್ತಿದ್ದಳು. ಎಷ್ಟು ಹೊತ್ತು ಬಿಗಿದಳೆಂದರೆ ಕಾಲಿನಲ್ಲಿ ರಕ್ತ ಓಡಾಡುತ್ತಿದೆಯೋ ಇಲ್ಲವೋ ಅನ್ನಿಸಿತು.

ಆ ಮ್ಯಾಚು ಮೂಕ ಮ್ಯಾಚು. ಮಗಳು ತಲೆ ಮುಟ್ಟಿಕೊಂಡಳು, ಮೊಣಕಾಲು ಮುಟ್ಟಿಕೊಂಡಳು, ಎರಡು ಬೆರಳು ಎತ್ತಿದಳು. ಚೆಂಡು ಕೈಗವಸಿಗೆ ಬಡಿಯುವ ಸದ್ದು, ದೂರದ ಮೋಟಾರ್‌ವೇ ಗುಂಯ್ ಅನ್ನುವುದು, ಕಟ್ಟಿಹಾಕಿದ ನಾಯಿಯ ಕುಂಯ್ ಕುಂಯ್. ಕುರ್ಚಿಯಲ್ಲಿ ನನಗೆ ಮುಳ್ಳಿನ ಮೇಲೆ ಕೂತಂತಾಗಿತ್ತು. ಎದ್ದೆ, ಕೂತೆ, ನೀರು ಕುಡಿದೆ, ಚಕ್ಕುಲಿ ಡಬ್ಬಿ ತೆಗೆದು ಮುಚ್ಚಿದೆ. ಕೊನೆಯ ಸರದಿಯಲ್ಲಿ ಚೆಂಡು ಬಲಕ್ಕೆ ಹಾರಿ ಎದುರಾಳಿ ಹೋಮ್ ಕಡೆ ನುಗ್ಗಿದಾಗ ಅವಳ ಬಾಯಿ ತೆರೆದದ್ದು ಜಾಲರಿಯೊಳಗಿಂದ ನನಗೆ ಕಂಡಿತು. ಮ ಎಂದು ತುಟಿ ಕೂಡಿಸಿದಳು, ನುಂಗಿದಳು. ಕೈ ಎತ್ತುವಷ್ಟರಲ್ಲಿ ಅವನು ಮುಟ್ಟಿಬಿಟ್ಟಿದ್ದ. ನಾವು ಒಂದು ರನ್ನಿನಿಂದ ಸೋತೆವು, ನಾಯಿಯ ಯಜಮಾನ ನಾಲ್ಕನೆಯ ರಾಜೀನಾಮೆ ಕೊಟ್ಟ.

ಕಾರಿನಲ್ಲಿ ನಾನು ಸುಮ್ಮನಿರಲಿಲ್ಲ. ಕೆಂಟನ್ ರೋಡ್ ಬರುವವರೆಗೂ ಆ ಹೆಂಗಸಿನ ಜನ್ಮ ಜಾಲಾಡಿದೆ. "ಏನ್ ಕಾರಣ ಅದ? ಹೇಳು. ಕನ್ನಡ ಕೇಳಿದ್ರ ಆಕಿ ಕಿವಿ ತೂತ್ ಬೀಳ್ತಾವೇನು? ಬರೀ ಸೊಕ್ಕು. ಮುಂದಿನ ವಾರ ನಾನs ಕಮಿಟಿಗೆ ಬರೀತೀನಿ."

"ಅಮ್ಮಾ, ಸ್ಟಾಪ್."

"ಯಾಕ ಸ್ಟಾಪ್? ನಿನ್ನ ಸಲುವಾಗಿ ನಾನು ಬಡಿದಾಡಾಕತ್ತೀನಿ..."

"ಇಟ್ ವಾಸ್ ಯೂ!" ಮಗಳು ಹಿಂದಿನ ಸೀಟಿನಿಂದ ಕೂಗಿದಳು. "ನೀನೇ ಅಮ್ಮಾ. ನೀನೇ ಎಲ್ಲಾ ಹೇಳಿದ್ದು ಅವ್ರಿಗೆ."

ಗಂಡ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ.

ಕಳೆದ ಸೀಸನ್ನಿನ ಕೊನೆಯ ಮ್ಯಾಚು ನೆನಪಾಗಲು ಒಂದು ಗಳಿಗೆ ಹಿಡಿಯಿತು. ಊರ ನಡುವಿನ ನದಿಯ ಆಚೆ ದಂಡೆಯ ತಂಡ ಬಂದಿತ್ತು. ಅವರ ಕಡೆಯ ಹೆಂಗಸೊಬ್ಬಳು ಕೈಯಲ್ಲಿ ಫ್ಲಾಸ್ಕ್ ಹಿಡಿದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಒಳ್ಳೆಯ ಹೆಂಗಸು, ನನಗೂ ಚಹಾ ಬಗ್ಗಿಸಿಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು: ನಿಮ್ಮ ಮಗಳು ಪದೇ ಪದೇ ದುಡ್ಡು ದುಡ್ಡು ಅಂತ ಯಾಕೆ ಕಿರುಚುತ್ತಾಳೆ? ಮನಿ! ಆಕೆಯ ಕಿವಿಗೆ ಅದು ಇಂಗ್ಲಿಷಿನ ಮನಿ. ನನಗೆ ನಾಚಿಕೆಯಿಂದ ಸಾಯುವ ಹಾಗಾಯಿತು. ಡಾಕ್ಟರ ಮಗಳು, ಬಯಲಿನಲ್ಲಿ ನಿಂತು ದುಡ್ಡು ದುಡ್ಡು ಎಂದು ಬಡಕೊಳ್ಳುತ್ತಾಳೆ ಎಂದರೆ ಜನ ಏನೆಂದುಕೊಳ್ಳಬೇಡ? ಅಯ್ಯೋ, ಹಾಗಲ್ಲ, ಮನಿ ಎಂದರೆ ಹೋಮ್, ಅದು ಕನ್ನಡ ಎಂದೆ. ಆಕೆ ಎಷ್ಟು ಚಂದ ಅಂದಳು. ಆ ಒಂದು ಮಾತು ಸಾಕಾಯಿತು ನನಗೆ. ಚಕ್ಕುಲಿ ಕೊಟ್ಟು ಕೂರಿಸಿಕೊಂಡು ಒಗಿ ಎಂದರೆ ಇದು, ನಿಂದ್ರು ಎಂದರೆ ಇದು ಎಂದು ಹತ್ತಕ್ಕೆ ಹತ್ತೂ ಪಾಠ ಹೇಳಿದೆ, ಉಚ್ಚಾರ ಕೂಡ ತಿದ್ದಿದೆ. ಆಟದ ಎರಡನೇ ಅರ್ಧದಲ್ಲಿ ನಾವು ಯಾಕೆ ಹಾಗೆ ಕುಸಿದೆವೆಂದು ನನಗೆ ಆಗ ಹೊಳೆಯಲೇ ಇಲ್ಲ. ನಮ್ಮವಳು ಮನಿ ಎಂದರೆ ಅವರ ಓಟಗಾರ ಗಕ್ಕನೆ ನಿಂತುಬಿಡುತ್ತಿದ್ದ. ಬಿಡು ಎಂದರೆ ಅವರ ಬೆಂಚಿನಿಂದಲೇ ನಗು ಏಳುತ್ತಿತ್ತು.

ಆ ಮ್ಯಾಚನ್ನು ಬೇಲಿಯಾಚೆ ನಿಂತು ನೋಡಿದವರಲ್ಲಿ ಈಗಿನ ಮ್ಯಾನೇಜರ್ ಕೂಡ ಒಬ್ಬಳಂತೆ. ಚಕ್ಕುಲಿ ಪಾಠವೂ ಆಕೆಯ ಕಣ್ಣಿಗೆ ಬಿದ್ದಿತ್ತಂತೆ.

"ನಂಗೂ ಆಗ್ಲೇ ಗೊತ್ತಾಯ್ತು," ಮಗಳು ಹೇಳಿದಳು. ದನಿ ಇಳಿದಿತ್ತು. "ಮೊನ್ನೆ ಪ್ರಾಕ್ಟೀಸಲ್ಲಿ ಐ ಆಸ್ಕ್‌ಡ್ ಹರ್ ನಾಟ್ ಟು ಟೆಲ್ ಎನಿಒನ್. ನಿಂಗೆ ಗೊತ್ತಾದ್ರೆ ನೀನು ಬರೋದು ನಿಲ್ಲಿಸ್ತೀಯ ಅಂತ."

ನಾನು ಅಳಲಿಲ್ಲ. ಅಳು ಬಂದಿದ್ದರೆ ಚೆನ್ನಾಗಿತ್ತು. ಕಿಟಕಿಯಾಚೆ ಯಾರೋ ಬಿನ್ ಎಳೆದುಕೊಂಡು ಹೋಗುತ್ತಿದ್ದರು, ಅದನ್ನೇ ನೋಡಿದೆ. ವಾರವಿಡೀ ಊರ ಮೇಲೆಲ್ಲ ಹಾರಾಡಿದ್ದೇನಲ್ಲ, ಬಾಯಿ ಕಟ್ಟಿದವರು ಯಾರೆಂದು ಹುಡುಕುತ್ತ. ಅವಳ ಬಾಯಿಯಿಂದ ಕನ್ನಡ ಕಿತ್ತುಕೊಂಡದ್ದು ನನ್ನದೇ ಬಾಯಿ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇದು: ನಾನು ಅವಳ ದನಿಗಾಗಿ ಹೋಗುತ್ತಿದ್ದೆ, ಅವಳು ನಾನು ಬರಲಿ ಎಂದು ದನಿ ಬಿಟ್ಟುಕೊಟ್ಟಿದ್ದಳು. ಹೀಗೆಂದು ಹೇಳಲು ಅವಳ ಹತ್ತಿರ ಕನ್ನಡವಿರಲಿಲ್ಲ, ನನ್ನ ಹತ್ತಿರ ತಾಳ್ಮೆಯಿರಲಿಲ್ಲ.

ಮನೆ ಮುಟ್ಟಿದ ಕೂಡಲೇ ಗ್ರೂಪಿನಲ್ಲಿ ಬರೆದೆ. ಗುಟ್ಟು ಬಿಟ್ಟುಕೊಟ್ಟವಳು ನಾನು, ಮ್ಯಾನೇಜರದು ಏನೂ ತಪ್ಪಿಲ್ಲ, ಹಿಂದೆ ಬರೆದದ್ದಕ್ಕೆ ಕ್ಷಮೆ ಇರಲಿ. ಮೊದಲ ಉತ್ತರ ನಾಯಿಯ ಯಜಮಾನನದು: ಐದು ವರ್ಷದಿಂದ ನಾನೂ ದುಡ್ಡು ಅಂತಲೇ ತಿಳಿದಿದ್ದೆ.

ಗುರುವಾರದ ಪ್ರಾಕ್ಟೀಸಿಗೆ ಒಬ್ಬಳೇ ಹೋಗಿ ಮ್ಯಾನೇಜರ್ ಮುಂದೆ ನಿಂತೆ. ಈ ಸಲ ಭಾಷಣವಿರಲಿಲ್ಲ. ತಪ್ಪಾಯಿತು ಎಂದೆ, ಅವಳಿಗೆ ಬೇರೆ ಪದಗಳನ್ನು ಕೊಡಲೇ ಎಂದೆ. ಆಕೆ ಸೀಟಿಯನ್ನು ಬೆರಳಿಗೆ ಸುತ್ತುತ್ತ ನನ್ನನ್ನೇ ನೋಡಿದಳು. "ಪದಗಳ ಮೇಲೆ ನನಗೆ ಸಿಟ್ಟಿಲ್ಲ. ಅವು ಗುಟ್ಟಾಗಿ ಉಳಿಯಬೇಕು. ಯಾರು ಕೇಳಿದರೂ ನೀವು ಅರ್ಥ ಹೇಳಬಾರದು. ಆಗುತ್ತದೆಯೆ ನಿಮ್ಮಿಂದ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮಗಳು, "ನೋ ಚಾನ್ಸ್," ಅಂದಳು.

"ಆಗ್ತದ," ಎಂದೆ, ಕನ್ನಡದಲ್ಲೇ.

ಆ ಎರಡು ದಿನ ನಮ್ಮ ಅಡುಗೆಮನೆಯಲ್ಲಿ ನಡೆದದ್ದು ಹದಿನೆಂಟು ವರ್ಷದಲ್ಲಿ ನಡೆದಿರಲಿಲ್ಲ. ಅವಳು ಕಟ್ಟೆಯ ಮೇಲೆ ಕೂತು ಕೇಳುತ್ತಾಳೆ, ನಾನು ಹೇಳುತ್ತೇನೆ. "ನಿಂದ್ರು ಬೇಡ. ವೇಟ್‌ಗೆ ಇನ್ನೊಂದು?" ತಡಿ. "ಇನ್ನೊಂದು?" ಇರು. "ಇನ್ನೂ ಇದ್ಯಾ?" ತಾಳು. ಅವಳು ಕಾಲಾಡಿಸುವುದು ನಿಲ್ಲಿಸಿದಳು. "ಇಷ್ಟೆಲ್ಲಾ ಇತ್ತಾ? ಯಾಕೆ ಹೇಳ್ಲಿಲ್ಲ ನೀನು?" ನೀನು ಕೇಳಲಿಲ್ಲ ಎಂದೆ. ಹೋಮ್‌ಗೆ ಏನು ಎಂದು ಜಗಳವಾಯಿತು. ಗಂಡ ಮೈಸೂರಿನ ಕಡೆಯ "ಮನೆ" ಇರಲಿ ಎಂದ, ಇಬ್ಬರೂ ಸೇರಿ ಅವನನ್ನು ಓಡಿಸಿದೆವು. ಇಂಗ್ಲಿಷಿನಲ್ಲಿ ಅದಕ್ಕೆ ಹೋಮ್ ಪ್ಲೇಟ್ ಅನ್ನುತ್ತಾರಾದ್ದರಿಂದ ಕೊನೆಗೆ ತಟ್ಟೆಗೆ ನಮ್ಮ ಕಡೆ ಹೇಳುವ "ತಾಟು" ಎಂದಾಯಿತು. ಒಗಿ ಹೋಗಿ ಬೀಸು ಬಂತು, ಬಿಡು ಹೋಗಿ ಬ್ಯಾಡ ಬಂತು. ಅವಳು ಫ್ರಿಜ್ಜಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು "ತಾಟಿಗೆ ಬೀಸು!" ಎಂದು ಕೂಗಿದಾಗ ಪಕ್ಕದ ಮನೆಯವರು ಗೋಡೆ ಬಡಿದರು. ಹೊಸ ಪಟ್ಟಿ ಆ ರಾತ್ರಿಯೇ ತಂಡದವರೆಲ್ಲರ ಫೋನಿಗೆ ಹೋಯಿತು.

ಭಾನುವಾರ ಬಂದದ್ದು ಅದೇ ತಂಡ, ನದಿಯಾಚೆಯದು. ಫ್ಲಾಸ್ಕಿನ ಹೆಂಗಸು ನನ್ನನ್ನು ಕಂಡು ಕೈಬೀಸಿ ಬಂದು ಪಕ್ಕದಲ್ಲೇ ಕುರ್ಚಿ ಹಾಕಿದಳು. ನಾಲ್ಕನೇ ಸರದಿಯವರೆಗೆ ನನ್ನ ಮಗಳು ಹೊಸ ಪದಗಳನ್ನು ಒಂದೊಂದಾಗಿ ಕೂಗಿದಳು, ಎದುರಾಳಿಗಳು ಪೆದ್ದುಪೆದ್ದಾಗಿ ನಿಂತರು, ಇಬ್ಬರು ಔಟಾದರು. ನಾಯಿಯ ಯಜಮಾನ ಎಲ್ಲ ರಾಜೀನಾಮೆ ವಾಪಸ್ ತೆಗೆದುಕೊಂಡ. ಆಮೇಲೆ ಒಂದು ಗಳಿಗೆ ನಮ್ಮ ಹುಡುಗರು ಹೆದರಿ ಚೆಂಡನ್ನು ಕೈಯಿಂದ ಕೈಗೆ ಚೆಲ್ಲಾಡತೊಡಗಿದರು. ಮಗಳು ಎದ್ದು ನಿಂತಳು. ಜಾಲರಿ ಹಣೆಯ ಮೇಲಕ್ಕೆ ತಳ್ಳಿ ಗಂಟಲು ಬಿಚ್ಚಿ ಕೂಗಿದಳು: "ತಡೀರಲೇ! ಗಡಿಬಿಡಿ ಮಾಡಬ್ಯಾಡ್ರಿ! ಸಾವಕಾಶ!"

ಅದು ಪಟ್ಟಿಯಲ್ಲಿರಲಿಲ್ಲ. ಅದು ನಾನು ಕಲಿಸಿದ್ದಲ್ಲ. ಬೆಳಗ್ಗೆ ಬೆಳಗ್ಗೆ ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುವ ಅವಳಿಗೂ ಅವಳಪ್ಪನಿಗೂ ನಾನು ಅಡುಗೆಮನೆಯಿಂದ ಕೂಗುವ ಮಾತು, ನನ್ನದೇ ರಾಗ, ಕೊನೆಗೆ ನನ್ನದೇ ಸಿಟ್ಟು. ಇಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದಳೋ.

ಫ್ಲಾಸ್ಕಿನ ಹೆಂಗಸು ನನ್ನ ಕಡೆ ಬಾಗಿದಳು. "ಈಗೇನು ಹೇಳಿದಳು? ಅದು ಹೊಸದಲ್ಲವೆ?"

ನಾಲಗೆ ತುದಿಗೆ ಬಂದಿತ್ತು. ಒಂದೊಂದು ಪದವನ್ನೂ ಬಿಡಿಸಿ ಹೇಳಬೇಕು, ನಮ್ಮೂರು ಎಲ್ಲಿ, ಸಾವಕಾಶ ಎಂಬ ಮಾತಿನ ಸೊಗಸು ಏನು, ಈ ಹುಡುಗಿ ಯಾರ ಮಗಳು, ಎಲ್ಲ ಹೇಳಬೇಕು. ಮ್ಯಾನೇಜರ್ ಬೆಂಚಿನ ಕಡೆಯಿಂದ ಟೋಪಿಯ ಅಂಚಿನಡಿ ನನ್ನನ್ನೇ ನೋಡುತ್ತಿದ್ದಳು. ಮಗಳೂ ನೋಡುತ್ತಿದ್ದಳು.

"ಗೊತ್ತಿಲ್ಲ," ಎಂದೆ.

"ನಿಮ್ಮ ಭಾಷೆ ಅಲ್ಲವೆ ಅದು?"

"ಅಷ್ಟೇನೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲ ಇಂಗ್ಲಿಷೇ."

ಹಾಗೆಂದು ಬಾಯಿ ತುಂಬ ಚಕ್ಕುಲಿ ತುಂಬಿಕೊಂಡೆ. ಕಣ್ಣೇಕೆ ಹಾಗಾಯಿತೆಂದು ಆಕೆ ಕೇಳಿದ್ದಕ್ಕೆ, ಈ ಸಲ ಖಾರ ಹೆಚ್ಚಾಗಿದೆ ಎಂದೆ.